ಕಪಾಟು ಹಗುರಾಗಲಿ, ಅರಿವು ಹರಡಲಿ

ಕಾರವಾರ ತಾಲೂಕಿನ ತೋಡೂರಿನಲ್ಲಿ ಪುಸ್ತಕ ಕಾಪಾಡುವುದೆಂದರೆ ಮಳೆಗಾಲದೊಡನೆ ಸೆಣಸುವುದೆಂದೇ ಅರ್ಥ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ಮಳೆ, ಕಡಲಿನ ತೇವದ ಗಾಳಿ. ಗೋಡೆಯೂ ಬೆವರುವ ಕಾಲವದು. ನಮ್ಮ ತೀರ್ಥರೂಪರು 40 ವರ್ಷ ಕೂಡಿಸಿದ ಗ್ರಂಥಗಳು ಎರಡು ಕಪಾಟುಗಳನ್ನು ತುಂಬಿ, ಅಟ್ಟವನ್ನೇರಿ, ಮಂಚದ ಕೆಳಗೂ ಸೇರಿದ್ದವು. ಅವರು ಲಿಂಗೈಕ್ಯರಾದ ಬಳಿಕ ಒಂದನ್ನೂ ಕದಲಿಸಲು ನಮಗೆ ಮನಸ್ಸಾಗಲಿಲ್ಲ. ಅದನ್ನೇ ಪಿತೃಭಕ್ತಿಯೆಂದು ಬಗೆದಿದ್ದೆವು. ಕಳೆದ ಮಳೆಗಾಲದ ನಂತರ ಅಟ್ಟದ ಗಂಟು ಬಿಚ್ಚಿದಾಗ ಗೆದ್ದಲು ತಿಂದುಳಿದ ಹುಡಿ ಕೈಗೆ ಬಂದಿತು. ಅವರು ಕೈಯಾರೆ ಟಿಪ್ಪಣಿ ಬರೆದಿದ್ದ ಸಂಪುಟವೂ ಅದರಲ್ಲಿತ್ತು. ಭಕ್ತಿಯ ಹೆಸರಿನಲ್ಲಿ ನಾವು ಮಾಡಿದ್ದು ಅಲಕ್ಷ್ಯವೆಂಬುದು ಅಂದು ಮನವರಿಕೆಯಾಯಿತು.

ಈ ಮಾತು ನಮ್ಮ ಸಮಾಜಕ್ಕೆ ಹೊಸದಲ್ಲ. ವಚನಗಳ ತಾಡೋಲೆಗಳು ಎಷ್ಟೋ ಮನೆಗಳಲ್ಲಿ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಉಳಿದಿದ್ದವು. ವಿಜಾಪುರದ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಸಂಗ್ರಹಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅಂದು ಮನೆಯವರು ಗಂಟು ಬಿಚ್ಚಿ ಕೊಡದಿದ್ದರೆ ಆ ನುಡಿಗಳಲ್ಲಿ ಎಷ್ಟು ನಮ್ಮ ಪಾಲಿಗೆ ಉಳಿಯುತ್ತಿದ್ದವು? ಇದರಲ್ಲಿ ಎರಡು ಪಾಠಗಳಿವೆ: ಕಟ್ಟಿಟ್ಟುದು ಕೆಡುತ್ತದೆ, ನೋಡದೆ ಎಸೆದುದು ಮರಳಿ ಬಾರದು.

ಆದುದರಿಂದ ಗೃಹಸ್ಥರು ಮೊದಲು ಪ್ರತಿಯೊಂದನ್ನೂ ಬಿಚ್ಚಿ ನೋಡಬೇಕು. ತಾಡೋಲೆ, ಕೈಬರಹದ ಪ್ರತಿ, ಹಳೆಯ ಮುದ್ರಣ ಕಂಡರೆ ಬೇರೆಯಿರಿಸಿ ಬಲ್ಲವರಿಗೆ ತೋರಿಸಬೇಕು. ಅವು ರದ್ದಿಯವನ ತಕ್ಕಡಿಗೆ ಸೇರಕೂಡದು. ಉಳಿದವನ್ನು ಮೂರು ಪಾಲು ಮಾಡಬಹುದು: ಮನೆಯವರು ಮರಳಿ ಓದುವಂಥವು, ಇತರರು ಓದಬಹುದಾದವು, ಯಾರೂ ಓದಲಾರದಷ್ಟು ಕೆಟ್ಟವು. ಬೂಷ್ಟು ಹಿಡಿದುದನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಒರೆಸಿ, ನೆರಳಿನಲ್ಲಿ ಗಾಳಿಗೆ ಆರಿಸಬೇಕು. ಆರುವವರೆಗೆ ಒಳ್ಳೆಯ ಪುಸ್ತಕದ ಬಳಿ ಇಡಬಾರದು. ಕಿಕ್ಕಿರಿದ ಕಪಾಟಿನಲ್ಲಿ ತೇವ ನಿಲ್ಲುತ್ತದೆ. ಗೋಡೆಗೂ ಕಪಾಟಿಗೂ ನಡುವೆ ನಾಲ್ಕು ಬೆರಳಿನಷ್ಟು ಎಡೆಯಿದ್ದರೆ ಗಾಳಿಯಾಡೀತು.

ಕೊಡುವುದೆಲ್ಲಿಗೆ? ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡ ಬಳಿಕ, ಅನೇಕ ಊರುಗಳಲ್ಲಿ ‘ಪುಸ್ತಕ ಜೋಳಿಗೆ’ ಎಂಬ ಹೆಸರಿನಲ್ಲಿ ಮನೆಮನೆಯಿಂದ ಪುಸ್ತಕಗಳನ್ನು ಸ್ವೀಕರಿಸಲಾಯಿತು. ಜೋಳಿಗೆಯೆಂಬ ಮಾತು ನಮಗೆ ಎಷ್ಟು ಹತ್ತಿರದ್ದು! ಆದರೆ ಜೋಳಿಗೆಗೆ ಹಾಕುವುದು ಉಣ್ಣಲು ಯೋಗ್ಯವಾದ ಅನ್ನವನ್ನೇ. ಹಾಗೆಯೇ ಹರಿದ ಪಠ್ಯಪುಸ್ತಕ, ಹಳೆಯ ಮಾರ್ಗದರ್ಶಿಗಳನ್ನು ದಾನವೆಂದು ಸಾಗಿಸುವುದು ಸಲ್ಲದು. ಏನು ಬೇಕೆಂದು ಗ್ರಂಥಪಾಲಕರನ್ನು ಮೊದಲೇ ಕೇಳಿ ಕೊಡುವುದು ಲೇಸು.

ಸೀಬರ್ಡ್ ನೌಕಾನೆಲೆಗಾಗಿ ಮನೆ ತೊರೆದ ಕುಟುಂಬಗಳ ಪುನರ್ವಸತಿ ಕಾಲೊನಿಯೂ ತೋಡೂರಿನಲ್ಲಿದೆ. ಏನನ್ನು ಒಯ್ಯಬೇಕು, ಏನನ್ನು ಬಿಡಬೇಕೆಂಬ ಸಂಕಟವನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ನಮ್ಮದು ಅದರ ಮುಂದೆ ಬಲು ಚಿಕ್ಕ ಸಂಕಟ. ಆದರೂ ತಾಯಿಯವರು, “ಅವರ ಹೆಸರಿರುವ ಪುಟ ಕಂಡವರ ಕೈಗೆ ಹೋಗುವುದೆ?” ಎಂದು ಕಣ್ಣೀರಿಟ್ಟರು. ನಾವು ಒತ್ತಾಯಿಸಲಿಲ್ಲ. ಎಂಟು ದಿನಗಳ ಬಳಿಕ ಅವರೇ ಕುಳಿತು ಆರಿಸಿದರು. ತೀರ್ಥರೂಪರು ನಿತ್ಯ ಓದುತ್ತಿದ್ದ ಹನ್ನೆರಡನ್ನು ಪೂಜಾಕೋಣೆಯ ಪಕ್ಕದಲ್ಲಿ ಇರಿಸಿಕೊಂಡು, “ಉಳಿದವು ಓದುವ ಮಕ್ಕಳಿಗೆ ಸಲ್ಲಲಿ, ಅವರ ಹೆಸರನ್ನು ಆ ಮಕ್ಕಳೂ ಓದಲಿ” ಎಂದರು.

ಅನ್ನದಾಸೋಹವನ್ನು ತಪ್ಪದೆ ನಡೆಸಿಕೊಂಡು ಬಂದ ಮನೆತನಗಳು ನಮ್ಮವು. ಅರಿವಿನ ದಾಸೋಹಕ್ಕೂ ಈ ಮಳೆಗಾಲಕ್ಕೆ ಮುನ್ನ ಒಂದು ದಿನ ಮೀಸಲಿರಲೆಂದು ಬಂಧುಗಳಲ್ಲಿ ನಮ್ಮ ಅರಿಕೆ.