ಗಾಜಿಲ್ಲದ ಮೀನುತೊಟ್ಟಿ

ಕಳೆದ ವರ್ಷದ ಮಳೆಗಾಲದಲ್ಲಿ ಒಂದು ರಾತ್ರಿ, ಸುಬ್ರಹ್ಮಣ್ಯಪುರದ ನಮ್ಮ ಮನೆಯ ನಡುಮನೆಯಲ್ಲಿ ಐವತ್ತು ಲೀಟರು ನೀರು ಹರಿಯಿತು. ಮಾಡು ಸೋರಿದ್ದಲ್ಲ, ನಾನೇ ಕೈಯಾರೆ ಕೂಡಿಸಿದ ಮೀನುತೊಟ್ಟಿ ಬಾಯಿಬಿಟ್ಟಿತ್ತು. ಎಂಟು ಗಪ್ಪಿ ಮೀನುಗಳಲ್ಲಿ ಆರನ್ನು ಮಗಳು ಬೋಗುಣಿಯಲ್ಲಿ ಹಿಡಿದು ಉಳಿಸಿಕೊಂಡಳು. ಎರಡು ಮಂಚದ ಕೆಳಗೆ ಸಿಕ್ಕಿದಾಗ ಬೆಳಗಾಗಿತ್ತು. ತಪ್ಪು ಪದಾರ್ಥದ್ದಲ್ಲ, ನನ್ನ ಆತುರದ್ದು. ಎರಡನೆಯ ತೊಟ್ಟಿಯನ್ನು ಹೇಗೆ ಮಾಡಿದೆನೆಂಬುದನ್ನು ವಾಚಕರ ಮುಂದಿಡುತ್ತೇನೆ.

ಮೀನು ಸಾಕುವ ಹಂಬಲ ನನಗೆ ಹಳೆಯದು. 1983ರಲ್ಲಿ ಕಬ್ಬನ್ ಪಾರ್ಕಿನಲ್ಲಿ ಸರಕಾರಿ ಮತ್ಸ್ಯಾಲಯ ತೆರೆದಾಗ ನಾನು ಶಾಲಾ ಬಾಲಕ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಉಂಟು. ಆದರೆ ಅದು ಗಾಳ ಹಾಕುವವರ ವಿನೋದ. ಮೀನಿಗೆ ಅದರಲ್ಲಿ ವಿನೋದವೇನೂ ಇಲ್ಲ.

ಅಕ್ರಿಲಿಕ್ ಎಂಬ ಹೆಸರಿನ ಮೂಲದಲ್ಲಿ ತೀಕ್ಷ್ಣ ಎಂಬರ್ಥದ ಲ್ಯಾಟಿನ್ ಶಬ್ದವಿದೆ. ಬಾಣಲೆಯಲ್ಲಿ ಎಣ್ಣೆ ಸೀದಾಗ ಮೂಗಿಗಡರುವ ಘಾಟು ಇದರ ಬಂಧುವೇ. 1930ರ ದಶಕದಲ್ಲಿ ಜರ್ಮನಿಯಲ್ಲಿ ಪ್ಲೆಕ್ಸಿಗ್ಲಾಸ್ ಎಂದೂ ಇಂಗ್ಲೆಂಡಿನಲ್ಲಿ ಪರ್ಸ್‌ಪೆಕ್ಸ್ ಎಂದೂ ಮಾರುಕಟ್ಟೆಗೆ ಬಂದ ಈ ಹಲಗೆ, ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಕಿಟಕಿಯಾಯಿತು. ಅದರ ಚೂರುಗಳು ವಿಮಾನಚಾಲಕರ ಕಣ್ಣಿನಲ್ಲಿ ಹೊಕ್ಕರೂ ಕೀವಾಗದಿದ್ದುದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು 1949ರಲ್ಲಿ ಲಂಡನ್ನಿನಲ್ಲಿ ಅದರಿಂದಲೇ ಮಸೂರ ಮಾಡಿಸಿ ಕಣ್ಣಿನೊಳಗೆ ಕೂರಿಸಿದರು. ಕಣ್ಣಿಗೆ ಒಗ್ಗಿದ್ದು ಮೀನಿಗೆ ಒಗ್ಗದೆ ಇದ್ದೀತೆ? ತೂಕವೂ ಗಾಜಿನ ಅರ್ಧಕ್ಕಿಂತ ಕಡಿಮೆ. ಪೆಟ್ಟು ಬಿದ್ದರೆ ಸುಲಭವಾಗಿ ಒಡೆಯದು. ಬೇಗ ಗೀರು ಬೀಳುವುದೊಂದೇ ದೊಡ್ಡ ದೋಷ.

ನಮ್ಮ ತೊಟ್ಟಿ 60 ಸೆಂಟಿಮೀಟರು ಉದ್ದ, 30 ಅಗಲ. ಗೋಡೆಗಳ ಎತ್ತರ 35. ಒಳಗೆ 30 ಸೆಂಟಿಮೀಟರು ನೀರು ನಿಂತರೆ ಮುಂದಿನ ಗೋಡೆಯನ್ನು ಅದು ಸುಮಾರು 26 ಕಿಲೋಗ್ರಾಂ ಭಾರದಷ್ಟು ಬಲದಿಂದ ಹೊರಕ್ಕೆ ನೂಕುತ್ತದೆ. ನೀರಿನ ಆಳವನ್ನು ಇಮ್ಮಡಿ ಮಾಡಿದರೆ ಈ ಬಲ ನಾಲ್ಕು ಮಡಿಯಾಗುತ್ತದೆ. ಆದುದರಿಂದ ಹೊಸಬರು ತೊಟ್ಟಿಯನ್ನು ಎತ್ತರಕ್ಕೆ ಬೆಳೆಸದಿರುವುದು ಲೇಸು. ಹಲಗೆ 8 ಮಿಲಿಮೀಟರು ದಪ್ಪವಿರಲಿ. ಅಂಗಡಿಯಲ್ಲಿ ಅಚ್ಚಿನಲ್ಲಿ ಎರಕ ಹೊಯ್ದ ಹಲಗೆಯನ್ನೇ ಕೇಳಬೇಕು. ಯಂತ್ರದಿಂದ ಎಳೆದದ್ದು ದ್ರಾವಕ ತಗಲಿದರೆ ಸುಲಭವಾಗಿ ಬಿರುಕು ಬಿಡುತ್ತದೆ. ಮೇಲುಗಡೆ ಸುತ್ತಲೂ 5 ಸೆಂಟಿಮೀಟರು ಅಗಲದ ಪಟ್ಟಿಯನ್ನು ಚೌಕಟ್ಟಿನಂತೆ ಕೂರಿಸದಿದ್ದರೆ ಗೋಡೆಗಳು ಹೊಟ್ಟೆ ಉಬ್ಬಿಸುತ್ತವೆ.

ಇನ್ನು ಜೋಡಣೆ. ಗಾಜಿನ ತೊಟ್ಟಿಗೆ ಬಳಸುವ ಸಿಲಿಕೋನ್ ಅಂಟು ಅಕ್ರಿಲಿಕ್ಕನ್ನು ಭದ್ರವಾಗಿ ಹಿಡಿಯದು. ಇಲ್ಲಿ ಬೇಕಾದುದು ಮೆಥಿಲೀನ್ ಕ್ಲೋರೈಡ್ ಎಂಬ ದ್ರವ. ಅದು ಎರಡೂ ಅಂಚುಗಳನ್ನು ಕರಗಿಸಿ, ಒಂದಾಗಿಸಿ, ತಾನು ಆರಿಹೋಗುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಹೇಳುವಂತೆ ಹೇಳುವುದಾದರೆ, ಸಿಲಿಕೋನಿನದು ಆಗಮಸಂಧಿ, ನಡುವೆ ಒಂದು ಬಂದು ಕೂರುತ್ತದೆ, ಇದರದು ಲೋಪಸಂಧಿ.

ಅಂಚು ಕನ್ನಡಿಯಂತೆ ಮಟ್ಟವಾಗಿರಬೇಕು. ಎರಡು ಹಲಗೆಗಳ ನಡುವೆ ಕೂದಲೆಳೆಯಂಥ ತಂತಿಯ ತುಂಡುಗಳನ್ನಿಟ್ಟು, ಸಿರಿಂಜಿನಿಂದ ದ್ರವವನ್ನು ಅಂಚಿನುದ್ದಕ್ಕೂ ಬಿಡಬೇಕು. ಅದು ತಾನಾಗಿ ಒಳಕ್ಕೆ ಹರಿಯುತ್ತದೆ. ಅರ್ಧ ನಿಮಿಷ ಬಿಟ್ಟು, ಅಂಚು ಮೆತ್ತಗಾದ ಮೇಲೆ, ತಂತಿಗಳನ್ನು ಎಳೆದು ಹಲಗೆ ತನ್ನ ಭಾರದಿಂದಲೇ ಕೂರುವಂತೆ ಬಿಡಬೇಕು. ನಾನು ಮೊದಲ ಸಲ ತಂತಿಯನ್ನೇ ಇಡಲಿಲ್ಲ. ಮೇಲಿನಿಂದ ಕಲ್ಲು ಹೇರಿದೆ. ದ್ರವವೆಲ್ಲ ಹಿಂಡಿಹೋಗಿ ಕೀಲಿನಲ್ಲಿ ಬಿಳಿಯ ಗುಳ್ಳೆಗಳುಳಿದವು. ಅವನ್ನು ಕಂಡೂ ಕಾಣದವನಂತೆ ಮರುದಿನವೇ ನೀರು ತುಂಬಿದೆ. ಐದನೆಯ ರಾತ್ರಿ ಕೆಳಗಿನ ಕೀಲು ಬಿಟ್ಟಿತು. ಎರಡನೆಯದನ್ನು ಒಂದು ವಾರ ಆರಲು ಬಿಟ್ಟು, ಅಂಗಳದಲ್ಲಿ ನೀರು ತುಂಬಿ ಇನ್ನೊಂದು ವಾರ ಕಾದು, ಆಮೇಲೆ ಒಳಗೆ ತಂದೆ. ಮಗಳು ಮಾತ್ರ ಈಗಲೂ ಮಲಗುವ ಮೊದಲು ಟಾರ್ಚು ಹಿಡಿದು ಅಂಚನ್ನು ನೋಡಿಬರುತ್ತಾಳೆ.

ಈ ದ್ರವದ ಆವಿ ತಲೆಸುತ್ತು ಬರಿಸುತ್ತದೆ, ಹೆಚ್ಚಾದರೆ ಪ್ರಾಣಕ್ಕೂ ಕುತ್ತು. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಖಂಡಿತ ಕೂಡದು. ತೆರೆದ ಅಂಗಳದಲ್ಲಿ, ಬೆಂಕಿ ಹಾಗೂ ಮಕ್ಕಳಿಂದ ದೂರದಲ್ಲಿ ಮಾಡಬೇಕು.

ತೊಟ್ಟಿಯನ್ನು ಮಟ್ಟವಾದ ಮೇಜಿನ ಮೇಲಿಡಿ. ಒರೆಸಲು ಮೆತ್ತನೆಯ ಹತ್ತಿಬಟ್ಟೆ ಸಾಕು. ತೆಂಗಿನ ನಾರು, ಸ್ಪಿರಿಟ್ಟು ಎರಡೂ ಬೇಡ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ನಿರಪಾಯವಾಗಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಎರಡು ಮೂರು ಮೀನು ಸಾಕು, ಆಹಾರ ಚಿಟಿಕೆಯಷ್ಟೇ. ಅಂಗಡಿಯವರು ಮಿಸ್ ಕೇರಳ ಎಂಬ ಕೆಂಪುಪಟ್ಟೆಯ ಸುಂದರಿಯನ್ನು ತೋರಿಸಿದರೆ ಮರುಳಾಗಬೇಡಿ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಮಾತ್ರ ಹುಟ್ಟುವ, ಅಳಿವಿನಂಚಿನಲ್ಲಿರುವ ಮೀನು ಅದು. ಗೇಣುದ್ದಕ್ಕೆ ಹತ್ತಿರವಾಗಿ ಬೆಳೆದು ಈ ತೊಟ್ಟಿಯಲ್ಲಿ ತಿರುಗಲಾರದು.

ಮೀನು ಹೆಚ್ಚಾದರೆ ಸ್ನೇಹಿತರಿಗೆ ಕೊಡಿ, ಅಂಗಡಿಗೆ ಹಿಂತಿರುಗಿಸಿ. ಪುಣ್ಯವೆಂದು ನಮ್ಮ ಸುಬ್ರಹ್ಮಣ್ಯಪುರದ ಕೆರೆಗೆ ಬಿಡುವುದು ಬೇಡ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ನಮ್ಮ ದೇಶದ ಕೆರೆಹೊಳೆಗಳಲ್ಲಿ ನೆಲೆಯೂರಿದ್ದು ಇಂತಹ ತೊಟ್ಟಿಗಳಿಂದಲೇ.