ಸದ್ದಿಲ್ಲದ ವ್ಯಾನು: ಹೊರಡುವ ಮುನ್ನ ಒಂದು ಮಾತು

ರಜೆ ಬಂತೆಂದರೆ ಸೇಲಂ, ಧರ್ಮಪುರಿಯ ನಮ್ಮ ವ್ಯಾಪಾರಿ ಕುಟುಂಬಗಳು ಏರ್ಕಾಡಿಗೋ ಹೊಗೇನಕಲ್ಲಿಗೋ ಹೊರಡುತ್ತವೆ. ಈಗ ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿಯಿಂದಲೂ ಓಡುವ ಹೈಬ್ರಿಡ್ ವ್ಯಾನುಗಳು ಬಂದಿವೆ. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ 2022ರಲ್ಲಿ ಪರಿಚಯವಾಯಿತು. ಅದಕ್ಕೆ ಪ್ಲಗ್ ಬೇಡ. ಅಮೆರಿಕದಲ್ಲಿ ಕ್ರೈಸ್ಲರ್ ಪೆಸಿಫಿಕಾ 2017ರ ಮಾದರಿಯಿಂದ ಮನೆಯ ಪ್ಲಗ್ಗಿನಲ್ಲೂ ಬ್ಯಾಟರಿ ತುಂಬಿಸಿಕೊಳ್ಳುವಂತೆ ಬಂತು.

ಲೆಕ್ಕ ನಮಗೆ ಪರಿಚಿತವಾದದ್ದೇ. ಏರ್ಕಾಡಿನ 20 ತಿರುವುಗಳನ್ನು ಹತ್ತುವಾಗ ಖರ್ಚು, ಇಳಿಯುವಾಗ ಬ್ಯಾಟರಿಗೆ ಜಮೆ. ಪ್ಲಗ್ ಹಾಕುವ ವ್ಯಾನಾದರೆ ಬೆಟ್ಟದ ಮೇಲೆಯೇ ಬ್ಯಾಟರಿ ಪೂರ್ತಿ ತುಂಬಿಸಬೇಡಿ. ಇಳಿಯುವಾಗ ಜಮೆಗೆ ಜಾಗವಿರದು.

ಆದರೆ ಉಳಿತಾಯಕ್ಕಿಂತ ಪ್ರಾಣ ದೊಡ್ಡದು. ತಂಗಿದಲ್ಲಿ ಏಸಿ ಹಾಕಿಕೊಂಡು ಮಕ್ಕಳೊಡನೆ ವ್ಯಾನಿನಲ್ಲೇ ಮಲಗಬಾರದು. ಸದ್ದಿಲ್ಲವೆಂದ ಮಾತ್ರಕ್ಕೆ ವ್ಯಾನು ಆಫ್ ಆಗಿದೆ ಎಂದಲ್ಲ. ಬ್ಯಾಟರಿ ಇಳಿದೊಡನೆ ಎಂಜಿನ್ ತಾನಾಗಿಯೇ ಚಾಲೂ ಆಗುತ್ತದೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರಿಗೆ ಅದು ಗೊತ್ತಾಗುವುದೇ ಇಲ್ಲ. ಮುಚ್ಚಿದ ಶೆಡ್ಡು, ಗೋಡೌನುಗಳಲ್ಲಂತೂ ಅಪಾಯ ಹೆಚ್ಚು.

ಆದ್ದರಿಂದ ವ್ಯಾನು ನಿಲ್ಲಿಸಿದಾಗಲೆಲ್ಲ ಪವರ್ ಬಟನ್ ಒತ್ತಿ, ‘ರೆಡಿ’ ದೀಪ ಆರಿದ್ದನ್ನು ಮನೆಯ ಹಿರಿಯರೊಬ್ಬರು ಕಣ್ಣಾರೆ ನೋಡಲಿ. ಆಮೇಲೆ ಹೊರಗೆ ಗಾಳಿಯಾಡುವಲ್ಲಿ ಹಾಸಿಗೆ ಹಾಸೋಣ.