ನೀರು ಜಾರುವ ಮೈ, ನೀರು ನಿಲ್ಲುವ ಮೈ

ಮಾವ ಕತ್ತಿಯ ಅಲಗನ್ನು ಅಂಗಳದ ಕಲ್ಲಿಗೆ ನಾಲ್ಕು ಸಲ ತಿಕ್ಕಿ, ತುಕ್ಕು ಹೋಗಿ ಬೆಳ್ಳಗೆ ಹೊಳೆಯುವಂತೆ ಮಾಡಿ, ಡ್ರಮ್ಮಿನ ನೀಲಿ ದ್ರಾವಣಕ್ಕೆ ಅದ್ದಿದರು. ಪಂಪಿನ ಪೈಪು ಬಿಡಿಸುತ್ತಿದ್ದವರೂ ಕೈ ನಿಲ್ಲಿಸಿ ನೋಡಿದರು. ಸ್ವಲ್ಪ ಹೊತ್ತಿಗೆ ಹೊರತೆಗೆದ ಕತ್ತಿಯ ಮೇಲೆ ಕುಂಕುಮ ತೇಯ್ದಂಥ ಕೆಂಪು ಪೊರೆ.

"ಕೆಂಪಾಜು. ಸುಣ್ಣ ಸಾಲ್ದಿಲ್ಲೆ. ಇನ್ನೊಂಚೂರು ಹಾಕು ಕೂಸೆ."

ಸುಣ್ಣದ ತಿಳಿ ಸುರಿದೆ. ಮಾವ ಬಿದಿರಿನ ಕೋಲಿನಿಂದ ಕದಡಿದರು. ಮತ್ತೆ ತಿಕ್ಕಿದ ಕತ್ತಿ, ಮತ್ತೆ ಅದ್ದುವುದು. ಈ ಸಲ ಅಲಗು ಬೆಳ್ಳಗೇ ಹೊರಬಂತು. "ಅಡ್ಡಿಲ್ಲೆ" ಎಂದರು.

ಯಲ್ಲಾಪುರ ತಾಲ್ಲೂಕಿನ ಇಡಗುಂದಿಯ ಕಡೆ, ಪುನರ್ವಸು ಮಳೆ ಅರ್ಧ ದಿನ ಬಿಡುವು ಕೊಟ್ಟ ಬೆಳಗು ಅದು. ಅರಬೈಲ್ ಘಟ್ಟ ಹತ್ತುವ ಲಾರಿಗಳ ಸದ್ದು ಮಂಜಿನೊಳಗಿಂದ ಬರುತ್ತಿತ್ತು. ಮಿರುಗದ ಮಳೆಗೆ ಮೊದಲು ಒಂದು ಸಲ ಅಡಿಕೆಗೆ ಕೊಳೆರೋಗದ ಮದ್ದು ಹೊಡೆದಾಗಿತ್ತು. ನಲವತ್ತು ದಿನ ಕಳೆದಿದ್ದರಿಂದ ಎರಡನೆಯ ಸಲದ ಹೊತ್ತು ಬಂದಿತ್ತು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಕಬ್ಬಿಣ ತಾನು ಕರಗಿ, ಕರಗಿದ್ದ ತಾಮ್ರವನ್ನು ತನ್ನ ಮೈಮೇಲೆ ಕೂರಿಸಿಕೊಳ್ಳುತ್ತದೆ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಆ ಕೆಂಪು ಪೊರೆ ಒಂದು ಮನೆಯ ವರ್ಷದ ಅನ್ನವನ್ನು ಕಾಯುತ್ತದೆ ಎಂದು ತಿಳಿದದ್ದು ಮಾತ್ರ ಈ ಅಂಗಳದಲ್ಲಿ. ಸುಣ್ಣಕ್ಕೆ ಸಿಗದೆ ಉಳಿದ ತಾಮ್ರ ಎಳೆ ಕಾಯಿಯ ಮೈ ಸುಡುತ್ತದೆ.

ಅಳತೆ ಎಲ್ಲರಿಗೂ ಬಾಯಿಪಾಠ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಬೇಕು, ಆಮೇಲೆ ಕೂಡಿಸಬೇಕು. ಕಬ್ಬಿಣದ ಡ್ರಮ್ಮು ಕೂಡದು. ಕಲಸಿದ್ದು ಆ ದಿನವೇ ಮುಗಿಯಬೇಕು. ಎರಡು ನೀರೂ ಸೇರಿದಾಗ ಹುಟ್ಟುವ ಬಣ್ಣ ಮಳೆ ತೊಳೆದ ಆಕಾಶದ್ದು.

ಈ ಮದ್ದು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕೀಳದಿರಲೆಂದು ಅಲ್ಲಿಯವರು ರಸ್ತೆಯಂಚಿನ ಬಳ್ಳಿಗಳಿಗೆ ಸುಣ್ಣ, ಮೈಲುತುತ್ತು ಬಳಿಯುತ್ತಿದ್ದರು. ಬಳಿದ ಬಳ್ಳಿಗಳಿಗೆ ರೋಗ ತಗಲದ್ದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಪ್ರಕಟಿಸಿದರು. ಬೋರ್ಡೋ ಊರಿನ ಹೆಸರು ಮದ್ದಿಗೆ ಅಂಟಿಕೊಂಡಿತು. ಕನ್ನಡ ನಾಡಿನ ಅಡಿಕೆಯ ಕೊಳೆರೋಗವನ್ನು ಕುಳಿತು ಅಭ್ಯಾಸ ಮಾಡಿದವರು ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್; ಅವರ ವರದಿ ಹೊರಬಿದ್ದದ್ದು 1910ರಲ್ಲಿ. ಅದಕ್ಕೂ ಮೊದಲು, 1876ರಲ್ಲೇ, ಕಾಫಿಯ ಕಪ್ಪು ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಲ್ಯಾಟಿನ್ ಹೆಸರಿನಲ್ಲಿ 'ಕೊಳೆರೋಗ' ಎಂಬ ನಮ್ಮ ಮಾತೇ ಸೇರಿಹೋಗಿತ್ತು. ನಮ್ಮ ರೈತನ ನೋವಿನ ಶಬ್ದವನ್ನು ಲೋಕದ ವಿಜ್ಞಾನ ಹಾಗೇ ಎತ್ತಿಕೊಂಡಿತು.

ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಕಾಲಿಗೆ ತಳೆ ಹಾಕಿ ಮರ ಏರಿದ. ಹಾವಸೆ ಕಟ್ಟಿದ ಕಾಂಡ, ಒದ್ದೆ, ಜಾರು. ಮೇಲೆ ಹೋಗಿ ಮಣೆ ಸಿಕ್ಕಿಸಿ ಕುಳಿತು, "ಭಟ್ರೆ, ಪಂಪು ಹೊಡೀರಿ" ಎಂದು ಕೂಗಿದ. ಹಸಿರು ಕೊನೆಯ ಮೇಲೆ ನೀಲಿ ಹೊಗೆಯಂತೆ ಮದ್ದು ಹರಡಿತು. ಕೆಳಗೆ ನಿಂತವರ ತಲೆ, ಹೆಗಲು, ರೆಪ್ಪೆ ಎಲ್ಲ ನೀಲಿ. ಒಂದು ಮರ ಮುಗಿದರೂ ಅವನು ಕೆಳಗಿಳಿಯಲಿಲ್ಲ. ಮರವನ್ನು ತೂಗಿ ಬಗ್ಗಿಸಿ ಪಕ್ಕದ ಮರ ಹಿಡಿದ. ತೋಟದ ನೆತ್ತಿಯ ಮೇಲೆ ಮನುಷ್ಯನೊಬ್ಬ ಅಲೆಯಂತೆ ದಾಟಿಹೋಗುತ್ತಿದ್ದ.

ಎಳೆ ಅಡಿಕೆಯೊಂದು ಬಿದ್ದಿತ್ತು. ಎತ್ತಿ ಬೆರಳಿನಿಂದ ಸವರಿದೆ. ಮೇಣದ ನುಣುಪು. ತೋಟದ ನೀರು ಹರಿಯುವ ಕಾದಿಗೆಯ ಅಂಚಿನಲ್ಲಿ ಬೆಳೆದ ಕೆಸುವಿನ ಎಲೆಗಂತೂ ಈ ಗುಣ ಇನ್ನೂ ಹೆಚ್ಚು. ಅತ್ತೆ ಕರಕಲಿಗೆಂದು ಎಲೆ ಕೊಯ್ಯುವಾಗ ಅದರ ಮೇಲಿನ ನೀರು ಪಾದರಸದ ಗುಂಡಿನಂತೆ ಓಡಾಡಿ, ಎಲೆಗೆ ಅಂಟದೆ ಉರುಳಿಹೋಗುತ್ತದೆ. ಇಂಥದೇ ಗುಣದ ತಾವರೆ ಎಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, 1997ರಲ್ಲಿ ಜರ್ಮನಿಯ ಬಾರ್ಟ್ಲಾಟ್ ಮತ್ತು ನೈನ್‌ಹ್ಯೂಸ್ ಅದರ ಕಾರಣ ಬಿಡಿಸಿ ಹೇಳಿದರು. ಎಲೆಯ ಮೈತುಂಬ ಕಣ್ಣಿಗೆ ಕಾಣದ ಗುಬುಟುಗಳು, ಅವುಗಳ ಮೇಲೆ ಮೇಣದ ಇನ್ನೂ ಸಣ್ಣ ಹರಳುಗಳು. ಹನಿ ಗುಬುಟುಗಳ ತುದಿಯಲ್ಲಿ ಕೂರುತ್ತದೆ, ಕೆಳಗೆ ಗಾಳಿ ಉಳಿಯುತ್ತದೆ. ಹಿಡಿತವಿಲ್ಲದ ಹನಿ ಉರುಳುವಾಗ ದೂಳನ್ನೂ ಎತ್ತಿಕೊಂಡು ಹೋಗುತ್ತದೆ. ಇದನ್ನು ನೋಡಿ ಕಲಿತೇ ಮಾಸದ ಬಣ್ಣ, ನೆನೆಯದ ಬಟ್ಟೆಗಳನ್ನು ಪ್ರಯೋಗಾಲಯಗಳು ಮಾಡಿದವು.

ಗಿಡ ತನ್ನನ್ನು ಕಾಯಲು ತೊಟ್ಟ ಈ ಮೇಣದ ಅಂಗಿಯೇ ಮದ್ದಿಗೂ ಅಡ್ಡ ನಿಲ್ಲುತ್ತದೆ. ನೀರು ಜಾರುವ ಕಾಯಿಯ ಮೇಲೆ ಮದ್ದೂ ಜಾರುತ್ತದೆ. ಅದಕ್ಕೇ ರಾಳದ ಸೋಪು. ಪೈನ್ ಮರದ ಅಂಟಿನಿಂದ ಬಂದ ರಾಳವನ್ನು ಸೋಡಾ ಹಾಕಿ ಕುದಿಸಿದರೆ ಅದು ನೀರಿನಲ್ಲಿ ಕರಗುತ್ತದೆ. ಮದ್ದಿಗೆ ಬೆರೆತಾಗ ಹನಿ ತನ್ನ ಬಿಗಿ ಸಡಿಲಿಸಿ ಕಾಯಿಯ ಮೇಲೆ ತೆಳ್ಳಗೆ ಹಬ್ಬುತ್ತದೆ. ಅಲ್ಲೇ ಸುಣ್ಣದ ಜೊತೆ ಕೂಡಿ ನೀರಿಗೆ ಕರಗದ ವಸ್ತುವಾಗಿ, ಒಣಗಿದ ಮೇಲೆ ಮದ್ದನ್ನು ಹಿಡಿದಿಡುತ್ತದೆ. ಕೊಡದಲ್ಲಿ ಕರಗುವುದು, ಕೊನೆಯ ಮೇಲೆ ಕರಗದಿರುವುದು: ಒಂದೇ ವಸ್ತುವಿನ ಎರಡು ನಡತೆ.

ಕೊಳೆರೋಗದ ಯುದ್ಧ ನಡೆಯುವುದೂ ಆ ತೆಳು ಪದರದಲ್ಲೇ. ಫೈಟೊಫ್ಥೊರಾ ಎಂಬ ಜೀವಿಯ ಬೀಜಕಣಗಳಿಗೆ ಎರಡೆರಡು ಬಾಲ. ಕಾಯಿಯ ಮೇಲೆ ನೀರಿನ ಪೊರೆ ಇದ್ದರೆ ಅವು ಈಜಿ ಬಂದು ಮೊಳೆತು ಒಳನುಗ್ಗುತ್ತವೆ. ಪೊರೆ ಆರಿದರೆ ದಾರಿಯೇ ಇಲ್ಲ. ಹಿಂದಿನವರು ಅಡಿಕೆ ಕೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದದ್ದು ನೀರು ಕೂರದಿರಲೆಂದೇ. ಇನ್ನು ಕಾಯಿಯ ಮೇಲೆ ಒಣಗಿ ಕುಳಿತ ತಾಮ್ರ ಸುಮ್ಮನೆ ಕರಗುವುದಿಲ್ಲ. ಮಳೆನೀರಿನ ಕೊಂಚ ಹುಳಿ, ಮೊಳೆಯುವ ಬೀಜಕಣ ತಾನೇ ಸುರಿಸುವ ರಸ ಸೋಕಿದಾಗ ತುಸು ತುಸು ಬಿಡುಗಡೆಯಾಗುತ್ತದೆ. ವೈರಿ ಬಂದಾಗ ಎಚ್ಚರಗೊಳ್ಳುವ ಕಾವಲು ಅದು. ಹೊರಗಿನ ಕರೆಗೆ ಓಗೊಡುವ ಮೇಲ್ಮೈಗಳನ್ನು ವಸ್ತುವಿಜ್ಞಾನ ಇಂದು ಬಹಳ ಆಸೆಯಿಂದ ಹುಡುಕುತ್ತಿದೆ. ಅಂಥದೊಂದು ಈ ತೋಟದಲ್ಲಿ ತಲೆಮಾರುಗಳಿಂದ ನೀಲಿಯಾಗಿ ಕುಳಿತಿದೆ.

ಊಟದ ನಂತರ ಪಕ್ಕದ ಮನೆಗೆ ಹೋದೆ. ಬೇಸಿಗೆಯಲ್ಲಿ ಆರಿಸಿ ಅಟ್ಟದಲ್ಲಿಟ್ಟ ಅಡಿಕೆ ಹಾಳೆಗಳನ್ನು ತೊಟ್ಟಿಯಲ್ಲಿ ನೆನೆಸಿದ್ದರು. ಒಣಗಿ ಮುದುರಿದ್ದ ಹಾಳೆ ನೀರು ಕುಡಿದು ತಾನೇ ಬಿಚ್ಚಿಕೊಂಡು ಮೆತ್ತಗಾಗಿತ್ತು. ಬಿಸಿ ಅಚ್ಚಿನಲ್ಲಿ ಒತ್ತಿ ತೆಗೆದರೆ ಗಟ್ಟಿ ತಟ್ಟೆ. ಅಂಟಿಲ್ಲ, ಬಣ್ಣವಿಲ್ಲ. ಹಾಳೆಯೆಂದರೆ ಸೆಲ್ಯುಲೋಸಿನ ಉದ್ದುದ್ದ ಸರಪಣಿಗಳ ಕಟ್ಟು, ನಡುವೆ ಲಿಗ್ನಿನ್ ಎಂಬ ಗಾರೆ. ಇವೇ ಪಾಲಿಮರ್‌ಗಳು. ನೀರು ನುಗ್ಗಿದರೆ ಸರಪಣಿಗಳ ಹಿಡಿತ ಸಡಿಲ. ಬಿಸಿಯಲ್ಲಿ ನೀರು ಹೋದರೆ ಹೊಸ ಆಕಾರದಲ್ಲಿ ಮತ್ತೆ ಬಿಗಿ.

ಜಪಾನಿನ ತೆರುವೊ ಒಕಾನೊ ಇಂಥದೇ ಗುಣವನ್ನು ಮನುಷ್ಯನ ಗಾಯಕ್ಕೆ ತಂದರು. 32 ಡಿಗ್ರಿಗಿಂತ ಮೇಲೆ ನೀರನ್ನು ದೂರವಿಡುವ, ಅದರ ಕೆಳಗೆ ನೀರು ಹೀರಿ ಉಬ್ಬುವ ಪಾಲಿಮರ್ ಒಂದಿದೆ. ಅದನ್ನು ಬಳಿದ ತಟ್ಟೆಯಲ್ಲಿ, ಮೈ ಬಿಸಿಯಷ್ಟು 37 ಡಿಗ್ರಿಯಲ್ಲಿ, ಜೀವಕೋಶಗಳು ಅಂಟಿ ಬೆಳೆಯುತ್ತವೆ. ತಟ್ಟೆ ತಂಪಾದರೆ ಹಿಡಿತ ಬಿಟ್ಟು, ಗಾಯಕ್ಕೆ ಹೊದಿಸಬಲ್ಲ ಇಡೀ ಹಾಳೆಯಾಗಿ ಏಳುತ್ತವೆ. ಕತ್ತರಿಸಬೇಕಿಲ್ಲ, ಕೆರೆಯಬೇಕಿಲ್ಲ. ಅಡಿಕೆ ಮರದಿಂದ ಹಣ್ಣಾದ ಹಾಳೆ ಕಳಚಿ ಬೀಳುವಷ್ಟೇ ಸಹಜ.

ಹಿಂದಿರುಗುವಾಗ ಕಾದಿಗೆಯ ನೀರಿನಲ್ಲಿ ನೀಲಿ ಎಳೆಯೊಂದು ಹರಿಯುತ್ತಿತ್ತು. ಮನಸ್ಸಿಗೆ ಚುಚ್ಚಿತು. ಮಣ್ಣಿಗೆ ಬಿದ್ದ ತಾಮ್ರ ಎಲ್ಲಿಗೂ ಹೋಗುವುದಿಲ್ಲ. ಬೆಟ್ಟದಿಂದ ಹೊತ್ತು ತಂದು ಹಾಕಿದ ಸೊಪ್ಪಿನ ಗೊಬ್ಬರವೇ ಅದನ್ನು ಹಿಡಿದಿಡುತ್ತದೆ, ವರ್ಷದ ಮೇಲೆ ವರ್ಷ. ಕಾಲು ಪಾಲು ತಾಮ್ರದಲ್ಲಿ ಕಾಯುವ, ನೀರಿನ ಪೊರೆ ಕೂತಾಗಷ್ಟೇ ಬಾಯಿ ತೆರೆಯುವ, ಕೆಲಸ ಮುಗಿದ ಮೇಲೆ ಹಾಳೆಯಂತೆ ಮಣ್ಣಾಗುವ ಲೇಪವೊಂದು ಬೇಕು. ಅದನ್ನು ಮಾಡುವವರು ಒಂದು ಆಷಾಢವನ್ನಾದರೂ ಈ ತೋಟದಲ್ಲಿ ಕಳೆಯಲಿ ಎಂಬುದು ನನ್ನ ಬೇಡಿಕೆ. ಮರದ ತುದಿಯಲ್ಲಿ ಕುಳಿತವನ ಕಣ್ಣು, ಕೆಳಗೆ ಹರಿಯುವ ಕಾದಿಗೆ, ಕತ್ತಿಯ ಮೇಲಿನ ಕೆಂಪು — ಇವನ್ನು ಕಾಣದೆ ಹುಟ್ಟಿದ ಮದ್ದು ಇಲ್ಲಿಯ ಮಳೆಗೆ ನಿಲ್ಲಲಾರದು.

ನಾಲ್ಕು ಗಂಟೆಯ ಹೊತ್ತಿಗೆ ಕೊನೆಯ ಮರವೂ ಮುಗಿಯಿತು. ಎಲ್ಲರೂ ಆಕಾಶ ನೋಡುತ್ತ ಕುಳಿತರು. ಮದ್ದು ಒಣಗುವವರೆಗೆ ಮಾತು ಕಡಿಮೆ. ಕತ್ತಲಾಗುವ ಮುನ್ನ ಘಟ್ಟದ ಕಡೆಯಿಂದ ಸದ್ದು ಎದ್ದಿತು. ಮೊದಲು ಬೆಟ್ಟದ ಮೇಲೆ, ಆಮೇಲೆ ತೋಟದ ನೆತ್ತಿಯ ಮೇಲೆ, ಕೊನೆಗೆ ನಮ್ಮ ಹಂಚಿನ ಮೇಲೆ ಮಳೆ.

ಮಾವ ಕಂಬಳಿ ಕೊಪ್ಪೆ ಹೊದ್ದು, ಟಾರ್ಚು ಹಿಡಿದು ಅಂಗಳ ದಾಟಿದರು. ನಾನೂ ಹಿಂದೆ ಹೋದೆ. ಬೆಳಗ್ಗೆ ಮೊದಲು ಹೊಡೆದ ಮರದ ಬುಡದಲ್ಲಿ ನಿಂತು, ಕೊನೆಯಿಂದ ತೊಟ್ಟಿಕ್ಕುವ ನೀರಿಗೆ ಅಂಗೈ ಒಡ್ಡಿದರು. ಬೊಗಸೆ ಅರ್ಧ ತುಂಬಿತು. ಟಾರ್ಚಿನ ಬೆಳಕಿನಲ್ಲಿ ಕೈಯ ಗೆರೆಗಳೆಲ್ಲ ನೀರಿನ ಕೆಳಗೆ ಸ್ಪಷ್ಟ ಕಂಡವು. ನೀಲಿ ಇರಲಿಲ್ಲ.

"ಹಿಡ್ಕಂಜು" ಎಂದು ನೀರು ಚೆಲ್ಲಿ, ಮಾವ ಮನೆಯ ಕಡೆ ತಿರುಗಿದರು.